ಊಟದ ಮೇಲೆ ಚಡಾವು ಇದೆಯಾ? ಕಾಸರಗೋಡಿನ ನಾಲ್ಕು ಸೈಕಲ್ ದಾರಿಗಳು

ಕಾಸರಗೋಡಿಗೆ ಸೈಕಲ್ ತರುತ್ತೇವೆ ಅನ್ನುವವರು ಮೊದಲು ಕೇಳುವುದು ಎಷ್ಟು ಕಿಲೋಮೀಟರ್ ಅಂತ. ಆಮೇಲೆ ರಸ್ತೆ ಹೇಗಿದೆ ಅಂತ. ಬರೀ ಕಾಲಿಗೆ ಕೆಲಸ ಕೊಡಲು ಬರುವವರಿಗೆ ಅಷ್ಟು ಸಾಕು. ತಿನ್ನುವ ಆಸೆಯೂ ಇದ್ದರೆ ಇನ್ನೊಂದು ಪ್ರಶ್ನೆ ಬೇಕು. ಊಟ ಆದ ಮೇಲೆ ದಾರಿ ಏರುತ್ತದಾ, ಇಳಿಯುತ್ತದಾ?

ನಮ್ಮಲ್ಲಿ ಘಟ್ಟ ಕಡಲಿಗೆ ತುಂಬಾ ಹತ್ತಿರ. ಕಡಲ ಕರೆ, ಅದರ ಹಿಂದೆ ಮುರಕಲ್ಲಿನ ಪದವುಗಳು ಅಂದರೆ ತಲೆ ಚಪ್ಪಟೆಯಾದ ಬೋಳು ಗುಡ್ಡಗಳು, ಪದವುಗಳ ನಡುವಿನ ತಗ್ಗಿನಲ್ಲಿ ಅಡಿಕೆ ತೋಟದ ಬೈಲು, ಅದೂ ದಾಟಿದರೆ ಕಾಡು. ಅಡುಗೆಯೂ ಇದೇ ಸಾಲಿನಲ್ಲಿ ಬದಲಾಗುತ್ತದೆ. ಕರೆಯಲ್ಲಿ ಮೀನು, ಪತ್ತಿರಿ. ಬೈಲಿನಲ್ಲಿ ತಂಬುಳಿ, ಹಲಸು. ಮೇಲೆ ಹೋದಂತೆ ಮರಗೆಣಸು, ಗಾಂಧಾರಿ ಮೆಣಸು. ಒಂದು ಬೆಳಗ್ಗೆ ಸೈಕಲ್ ತುಳಿದರೆ ಎರಡು ಬಗೆಯ ಅಡುಗೆಮನೆ ದಾಟಿರುತ್ತೀರಿ. ಆದ್ದರಿಂದ ದಾರಿ ಆರಿಸುವುದು ಅಂದರೆ ಬಾಳೆಲೆ ಆರಿಸಿದ ಹಾಗೆಯೇ.

ಇಲ್ಲಿ ನಾಲ್ಕು ದಾರಿ ಹೋಲಿಸಿದ್ದೇನೆ. ನನ್ನ ಓಟು ಎರಡನೆಯದಕ್ಕೆ. ಆದರೆ ಅದು ಎಲ್ಲರಿಗೂ ಹೊಂದುವ ದಾರಿ ಅಲ್ಲ.

ಮೊದಲು ಹೆದ್ದಾರಿಯ ಮಾತು ಮುಗಿಸಿಬಿಡೋಣ. ಮಂಗಳೂರಿನಿಂದ ಕಾಸರಗೋಡಿಗೆ ಸುಮಾರು 50 ಕಿಲೋಮೀಟರ್. ಬೆಳಗ್ಗೆ ಹೊರಟರೆ ತಿಂಡಿ ಹೊತ್ತಿಗೆ ಮುಟ್ಟಬಹುದು ಅನ್ನಿಸುತ್ತದೆ. ಬೇಡ. ಹೆದ್ದಾರಿ 66 ಈಗ ತಲಪಾಡಿಯಿಂದ ಈಚೆಗೆ ಆರು ಪಥದ್ದು. ಅಲ್ಲಿ ಓಡುವ ಲಾರಿಗಳಿಗೆ ನೀವು ಕಾಣುವುದೇ ಇಲ್ಲ. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬರುವ ಸ್ಕೂಟರು, ಆಟೋಗಳ ಕಾಟ. ಹಾಗೆ ತುಳಿದು ಬಂದರೆ ದಾರಿಯಲ್ಲಿ ನೆನಪಿಡುವಂಥ ತಿಂಡಿಯೂ ಸಿಗುವುದಿಲ್ಲ.

ರೈಲು ಒಳ್ಳೆಯದು. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು, ಕಾಞಂಗಾಡ್, ನೀಲೇಶ್ವರ, ಚೆರ್ವತ್ತೂರು ಎಲ್ಲ ಒಂದೇ ಹಳಿಯ ಮೇಲಿವೆ. ಸೈಕಲನ್ನು ಪಾರ್ಸೆಲ್ ಆಫೀಸಿನಲ್ಲಿ ಲಗೇಜ್ ಆಗಿ ಬುಕ್ ಮಾಡಬೇಕು. ಸಣ್ಣ ಸ್ಟೇಷನ್‌ಗಳಲ್ಲಿ ರೈಲು ನಿಲ್ಲುವ ಹೊತ್ತಿಗೆ ಬ್ರೇಕ್ ವ್ಯಾನಿನಿಂದ ಸೈಕಲ್ ಇಳಿಸುವುದು ಕಷ್ಟ. ಆದ್ದರಿಂದ ಕಾಸರಗೋಡು ಅಥವಾ ಕಾಞಂಗಾಡ್‌ಗೆ ಬುಕ್ ಮಾಡಿ, ಅಲ್ಲಿಂದ ತುಳಿಯಿರಿ. ಮಡಚುವ ಸೈಕಲ್ ಇದ್ದವರಿಗೆ ಈ ತಲೆನೋವು ಇಲ್ಲ.

ಒಂದನೆಯದು: ಕಾಸರಗೋಡು, ಬೇಕಲ, ಕಾಞಂಗಾಡ್

ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ, ಬೇಕಲದ ಮೂಲಕ ಕಾಞಂಗಾಡ್‌ಗೆ ಸುಮಾರು 28 ಕಿಲೋಮೀಟರ್. ದಾರಿ ಹೆಚ್ಚುಕಡಿಮೆ ಸಮತಟ್ಟು. ಚಂದ್ರಗಿರಿಯಲ್ಲಿ ಒಂದು ಕೋಟೆ, ಬೇಕಲದಲ್ಲಿ ಇನ್ನೊಂದು. ಎರಡೂ 17ನೇ ಶತಮಾನದವು, ಇಕ್ಕೇರಿಯ ಶಿವಪ್ಪ ನಾಯಕನ ಹೆಸರಿನ ಜೊತೆ ಬರುವಂಥವು. ಬೇಕಲದ್ದು 40 ಎಕರೆ ಕೋಟೆ. ಬಿಸಿಲೇರುವ ಮೊದಲೇ ಸುತ್ತಿ ಮುಗಿಸಬೇಕು, ಒಳಗೆ ನೆರಳು ಕಡಿಮೆ.

ತಿನ್ನುವ ವಿಷಯದಲ್ಲಿ ಇಲ್ಲಿ ಎರಡು ತುದಿ. ಒಂದು ತುದಿಯಲ್ಲಿ ಪೇಟೆಯ ಸಣ್ಣ ಹೋಟೆಲು. ಬೆಳಗ್ಗೆ ಬಿಸಿ ನೈಪತ್ತಲ್, ಮೀನು ಸಾರು, ಸುಲೈಮಾನಿ ಚಾ. ಅಕ್ಕಿ ಹಿಟ್ಟಿಗೆ ತೆಂಗಿನಕಾಯಿ, ಸಣ್ಣ ನೀರುಳ್ಳಿ, ಜೀರಿಗೆ ಸೇರಿಸಿ ಕರಿದ ದಪ್ಪ ರೊಟ್ಟಿಯೇ ನೈಪತ್ತಲ್. ಎರಡು ತಿಂದರೆ ಬೇಕಲದವರೆಗೆ ಹಸಿವಿನ ಮಾತಿಲ್ಲ. ಇನ್ನೊಂದು ತುದಿಯಲ್ಲಿ ಬೇಕಲ ಸುತ್ತಮುತ್ತಲಿನ ತಾಜ್, ಲಲಿತ್ ಥರದ ರೆಸಾರ್ಟುಗಳು. ಬಿಳಿ ಬಟ್ಟೆ ಹಾಸಿದ ಮೇಜು, ಒಳ್ಳೆಯ ವೈನು, ಸಂಜೆಯ ಗಾಳಿ ಬೇಕು ಅನ್ನುವವರಿಗೆ ನಾಲ್ಕರಲ್ಲಿ ಇದೊಂದೇ ಆಯ್ಕೆ. ಹೋಗುವುದಾದರೆ ಅಲ್ಲೇ ರಾತ್ರಿ ಉಳಿಯಿರಿ. ಬೆವರಿನ ಬಟ್ಟೆಯಲ್ಲಿ ಮಧ್ಯಾಹ್ನದ ಬಫೆಗೆ ಹೋಗಿ ಕೂರುವುದು ನಿಮಗೂ ಸುಖ ಇಲ್ಲ, ಪಕ್ಕದ ಮೇಜಿನವರಿಗೂ ಇಲ್ಲ.

ಊಟದ ಮೇಲೆ ಚಡಾವು ಇಲ್ಲ. ಅದು ಇದರ ದೊಡ್ಡ ಲಾಭ. ದೊಡ್ಡ ನಷ್ಟ ಬಸ್ಸುಗಳು. ಇದು ಎರಡು ಪೇಟೆಗಳ ನಡುವಿನ ಮುಖ್ಯ ರಸ್ತೆ, ಹಾಗಾಗಿ ದಾರಿಯುದ್ದಕ್ಕೂ ಹಾರ್ನು. ಭಾನುವಾರ ಸಂಜೆ ಬೇಕಲದ ಹತ್ತಿರ ಕಾರುಗಳ ಸಂತೆ. ಸಾಧ್ಯವಾದಲ್ಲೆಲ್ಲ ಕಡಲ ಬದಿಯ ಒಳರಸ್ತೆ ಹಿಡಿಯಿರಿ. ಮಕ್ಕಳನ್ನು ಕರೆದುಕೊಂಡು ಬರುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಎರಡನೆಯದು: ಕುಂಬಳೆಯಿಂದ ಬದಿಯಡ್ಕ, ಆಮೇಲೆ ನಿಮ್ಮಿಷ್ಟ

ಕುಂಬಳೆಯಿಂದ ಮುಳ್ಳೇರಿಯಕ್ಕೆ ಸುಮಾರು 29 ಕಿಲೋಮೀಟರ್. ಬದಿಯಡ್ಕ ಅರ್ಧಕ್ಕಿಂತ ಸ್ವಲ್ಪ ಮುಂದೆ. ನಾಯ್ಕಾಪು, ಸೀತಾಂಗೋಳಿ, ಬೇಳ, ನೀರ್ಚಾಲು ಇವೆಲ್ಲ ನಡುವಿನ ಊರುಗಳು. ದೂರ ನೋಡಿದರೆ ಸಣ್ಣ ಸವಾರಿ. ತುಳಿದರೆ ಗೊತ್ತಾಗುತ್ತದೆ. ಪದವು ಹತ್ತು, ಬೈಲಿಗೆ ಇಳಿ, ಮತ್ತೆ ಹತ್ತು. ಉದ್ದದ ಏರು ಎಲ್ಲೂ ಇಲ್ಲ, ಗಿಡ್ಡ ಚಡಾವುಗಳಿಗೆ ಲೆಕ್ಕವಿಲ್ಲ. ಗೇರ್ ಇಲ್ಲದ ಸೈಕಲ್ ಆದರೆ ಇಳಿದು ದೂಡಲು ತಯಾರಾಗಿ ಬನ್ನಿ.

ಕುಂಬಳೆಯಲ್ಲಿ ಹೊರಡುವ ಮೊದಲು ಸಜ್ಜಿಗೆ ಬಜಿಲ್ ತಿನ್ನಿ. ಖಾರದ ಅವಲಕ್ಕಿ, ಮೇಲೆ ಬಿಸಿ ಉಪ್ಪಿಟ್ಟು, ಎರಡನ್ನೂ ಕಲಸಿ ಒಂದು ಪ್ಲೇಟು. ಬೆಂಗಳೂರಿನವರು ಮೊದಲ ಸಲ ನೋಡಿದಾಗ ಇದೆಂಥ ಜೋಡಿ ಅನ್ನುತ್ತಾರೆ. ಬೆಳಗಿನ ಸವಾರಿಗೆ ಇದಕ್ಕಿಂತ ಒಳ್ಳೆಯ ತಿಂಡಿ ನನಗೆ ಗೊತ್ತಿಲ್ಲ. ಹೊಟ್ಟೆ ಭಾರ ಆಗುವುದಿಲ್ಲ, ಹತ್ತು ಗಂಟೆವರೆಗೆ ತಡೆಯುತ್ತದೆ. ಬನ್ಸ್ ಆಸೆ ಆದರೆ ಕಟ್ಟಿಸಿಕೊಂಡು ಬ್ಯಾಗಿಗೆ ಹಾಕಿ. ಕರಿದದ್ದು ತಿಂದು ನಾಯ್ಕಾಪಿನ ಏರು ಹತ್ತುವುದು ಬೇಡ.

ನಾಯ್ಕಾಪಿನಿಂದ ಸ್ವಲ್ಪ ಒಳಗೆ ಅನಂತಪುರ. ಕೆರೆಯ ನಡುವೆ ಇರುವ ದೇವಸ್ಥಾನ. ನೈವೇದ್ಯದ ಅನ್ನ ತಿಂದುಕೊಂಡೇ ಬದುಕುತ್ತಿದೆ ಅಂತ ಜನ ನಂಬಿದ್ದ ಬಬಿಯಾ ಮೊಸಳೆ ಇದ್ದದ್ದು ಇಲ್ಲೇ. 2022ರಲ್ಲಿ ತೀರಿಕೊಂಡಿತು. ಸುತ್ತ ಬಯಲು ಮುರಕಲ್ಲಿನ ಪದವು. ಮಳೆ ಮುಗಿದ ಹೊಸತರಲ್ಲಿ ಹಸಿರೋ ಹಸಿರು, ಮಾರ್ಚಿನಲ್ಲಿ ಕಾವಲಿ. ಒಂಬತ್ತು ಗಂಟೆಯೊಳಗೆ ಇಲ್ಲಿಂದ ದಾಟಿರಬೇಕು. ಮುಂದೆ ಬೇಳದಲ್ಲಿ 1890ರ ಇಗರ್ಜಿ ಇದೆ, ಗಾಥಿಕ್ ಶೈಲಿಯ ಎತ್ತರದ ಕಟ್ಟಡ. ಸೈಕಲ್ ನಿಲ್ಲಿಸಿ ನೀರು ಕುಡಿಯಲು ಒಳ್ಳೆಯ ಜಾಗ.

ಈಗ ಊಟ. ಈ ದಾರಿಯ ಒಳ್ಳೆಯ ಅಡುಗೆ ಹೋಟೆಲಿನಲ್ಲಿ ಇಲ್ಲ, ಮನೆಗಳಲ್ಲಿ ಇದೆ. ಬದಿಯಡ್ಕ, ಪೇಟೆಯಾದ್ದರಿಂದ, ಹಸಿದವರನ್ನು ಬರಿ ಹೊಟ್ಟೆಯಲ್ಲಿ ಕಳಿಸುವುದಿಲ್ಲ. ಅನ್ನ, ಸಾರು, ಪಲ್ಯ, ಹಪ್ಪಳ ಸಿಗುತ್ತದೆ. ಅಷ್ಟಕ್ಕೇ ಇಷ್ಟು ದೂರ ಬರಬೇಕಿಲ್ಲ. ಪರಿಚಯದವರ ಮೂಲಕವೋ ಹೋಂಸ್ಟೇ ನಡೆಸುವವರ ಮೂಲಕವೋ ಒಂದು ಹವ್ಯಕ ಮನೆಯಲ್ಲಿ ಊಟ ಹೇಳಿಡಿ. ಹಿಂದಿನ ದಿನ ರಾತ್ರಿ ಹೇಳಿದರೆ ಸಾಲದು, ಎರಡು ದಿನ ಮುಂಚೆ ಹೇಳಿ. ಎಷ್ಟು ಜನ, ಎಷ್ಟು ಗಂಟೆಗೆ ಅಂತ ಸರಿಯಾಗಿ ತಿಳಿಸಿ. ಮೆನು ಕೇಳಬೇಡಿ. ತೋಟದಲ್ಲಿ ಏನಿದೆಯೋ ಅದೇ ಮೆನು.

ಮನೆಯೊಳಗೆ ಕಾಲಿಟ್ಟ ಕೂಡಲೇ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ಬರುತ್ತದೆ. ಅಕ್ಕ ಬಂದು "ಆಸರಿಂಗೆ ಎಂತ ಬೇಕು?" ಅಂತ ಕೇಳುತ್ತಾರೆ. ಮಜ್ಜಿಗೆ ಅನ್ನಿ. ಎಲೆ ಹಾಕಿದ ಮೇಲೆ ಒಂದೆಲಗದ ತಂಬುಳಿ ಬಂದರೆ ಅದನ್ನು ಅವಸರದಲ್ಲಿ ಮುಗಿಸಬೇಡಿ. ಬಿಸಿಲಿನಲ್ಲಿ ಬಂದ ಮೈಗೆ ಅದೇ ಮದ್ದು. ಆಮೇಲೆ ಋತು ನೋಡಿಕೊಂಡು ಬದಲಾಗುತ್ತದೆ. ಜನವರಿಯಿಂದ ಎಳೆ ಹಲಸಿನ ಗುಜ್ಜೆ ಪಲ್ಯ. ಏಪ್ರಿಲ್ ದಾಟಿದರೆ ಬೆಳೆದ ಹಲಸಿನ ಕಾಯಿಹುಳಿ, ಹಣ್ಣಿನ ಗಟ್ಟಿ, ಕಾಟು ಮಾವಿನಹಣ್ಣಿನ ಸಾಸಿವೆ. ಮಳೆಗಾಲದಲ್ಲಿ ಕೆಸುವಿನ ಎಲೆಯ ಪತ್ರೊಡೆ. ಹಾಗಲಕಾಯಿಯದೋ ಅನಾನಸಿನದೋ ಮೆಣಸ್ಕಾಯಿ ಇದ್ದರೆ ಎರಡನೇ ಸಲ ಕೇಳಲು ನಾಚಿಕೆ ಬೇಡ. ನೀರುಳ್ಳಿ, ಬೆಳ್ಳುಳ್ಳಿ ಹೆಚ್ಚಿನ ಮನೆಗಳ ಊಟದಲ್ಲಿ ಇರುವುದಿಲ್ಲ. ಮೀನು ಮಾಂಸ ಬೇಕೇ ಬೇಕು ಅನ್ನುವವರಿಗೆ ಈ ದಾರಿ ಸಲ್ಲ.

ಆ ಮನೆಗಳು ಇರುವುದು ಬೈಲಿನಲ್ಲಿ. ಮುಖ್ಯ ರಸ್ತೆ ಇರುವುದು ಪದವಿನ ಮೇಲೆ. ಊಟಕ್ಕೆ ಹೋಗುವಾಗ ತಂಪಾದ ತೋಟದ ದಾರಿಯಲ್ಲಿ ಸುಮ್ನೆ ಬ್ರೇಕ್ ಹಿಡಿದುಕೊಂಡು ಇಳಿದುಬಿಡುತ್ತೀರಿ. ಪಾಯಸದ ಮೇಲೆ ಮಜ್ಜಿಗೆ ಕುಡಿದು ಎದ್ದಾಗ ಎದುರಿಗೆ ನೆಟ್ಟಗೆ ನಿಂತ ಚಡಾವು. ಮಧ್ಯಾಹ್ನ ಎರಡು ಗಂಟೆಯ ಬಿಸಿಲು ಬೇರೆ. ಇದಕ್ಕೆ ಎರಡೇ ಉಪಾಯ. ಒಂದು, ಜಗಲಿಯಲ್ಲಿ ಚಾಪೆ ಹಾಸಿಸಿಕೊಂಡು ನಾಲ್ಕು ಗಂಟೆವರೆಗೆ ಮಲಗುವುದು. ಎದ್ದ ಮೇಲೆ ಚಾ ಕುಡಿದು ಹೊರಟರೆ ಸಂಜೆಗೆ ಕುಂಬಳೆ. ಇನ್ನೊಂದು, ಆ ದಿನದ ಸವಾರಿಯನ್ನು ಊಟಕ್ಕೇ ಮುಗಿಸಿ ರಾತ್ರಿ ಉಳಿಯುವುದು. ಉಳಿದರೆ ಮರುದಿನ ಬೆಳಗ್ಗೆ ನೀರುದೋಸೆಯೋ ಕೊಟ್ಟೆ ಕಡುಬೋ ಖಾತ್ರಿ. ನಾನಾದರೆ ಉಳಿಯುವ ಪಕ್ಷ.

ಉಳಿದವರಿಗೆ ಮರುದಿನ ಮೂರು ದಾರಿ ತೆರೆದಿವೆ. ಮುಳ್ಳೇರಿಯ ಕಡೆ ಹೋದರೆ ಕಾಡು ಹೆಚ್ಚು, ಅಂಗಡಿ ಕಡಿಮೆ. ಚೆರ್ಕಳದ ಕಡೆ ಇಳಿದರೆ ನಡುವೆ ಎಡನೀರು ಮಠ. ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಕೆಡಿಸುವಂತಿಲ್ಲ ಅಂತ 1973ರಲ್ಲಿ ಸುಪ್ರೀಂ ಕೋರ್ಟ್ ಹೇಳಿತಲ್ಲ, ಆ ಕೇಸು ಹಾಕಿದ ಕೇಶವಾನಂದ ಭಾರತಿ ಸ್ವಾಮೀಜಿ ಇದೇ ಮಠದವರು. ಅಲ್ಲಿಂದ ಕಾಸರಗೋಡು ಹತ್ತಿರ. ಕಾಲಿನಲ್ಲಿ ಕಸುವಿರುವವರು ಪೆರ್ಲ, ಚೇವಾರು ಕಡೆ ತಿರುಗಿ ಗುಡ್ಡಗಾಡು ಹೆದ್ದಾರಿ ಹಿಡಿಯಬಹುದು. ನಂದಾರಪದವಿನಿಂದ ತಿರುವನಂತಪುರ ಜಿಲ್ಲೆಯ ಪಾರಶಾಲೆವರೆಗೆ ಹೋಗುವ ರಸ್ತೆ ಅದು. ಡಾಮರು ನುಣ್ಣಗಿದೆ. ಚಡಾವು ಮಾತ್ರ ಕರುಣೆ ಇಲ್ಲದ್ದು.

ಪೆರ್ಲದ ಸುತ್ತ ಹೋಗುವವರು ಗೇರು ತೋಟಗಳ ನಡುವೆ ಹಾದು ಹೋಗುತ್ತೀರಿ. 2000ದವರೆಗೆ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಜಾಗ ಇದು. ಎಣ್ಮಕಜೆಯ ಎಷ್ಟೋ ಮನೆಗಳು ಇನ್ನೂ ಅದರ ಫಲ ಉಣ್ಣುತ್ತಿವೆ. ಊರಿನ ಊಟ ಹೊಗಳುವವರು ಇದನ್ನೂ ತಿಳಿದಿರಬೇಕು. ಕ್ಯಾಮೆರಾ ಹಿಡಿದು ಅಂಥ ಮನೆ ಹುಡುಕಿಕೊಂಡು ಹೋಗಬೇಡಿ.

ಒಂದು ಮಾತು ಬಿಟ್ಟೆ. ಊಟ ಹೇಳಿಟ್ಟ ಮನೆಯವರ ಹತ್ತಿರ ಸುರಂಗ ಇದೆಯಾ ಕೇಳಿ. ಗುಡ್ಡದ ಒಳಗೆ ಅಡ್ಡಕ್ಕೆ ಕೊರೆದ ಬಾವಿ ಅದು. ಪಂಪಿಲ್ಲದೆ, ಕರೆಂಟಿಲ್ಲದೆ ನೀರು ತಾನಾಗಿ ಹರಿದು ಬರುತ್ತದೆ. ಬಾಟಲಿ ಅಲ್ಲೇ ತುಂಬಿಸಿಕೊಳ್ಳಿ.

ಮೂರನೆಯದು: ಚೆರ್ವತ್ತೂರು, ಪಡನ್ನ, ವಲಿಯಪರಂಬ

ಚಂದ್ರಗಿರಿಯ ದಕ್ಷಿಣಕ್ಕೆ ಬಂದರೆ ಕನ್ನಡ ಕಡಿಮೆಯಾಗುತ್ತದೆ. ಭಯ ಬೇಡ. ಮಲಯಾಳದಲ್ಲಿ "ಊಣ್ ಉಂಡೋ?" ಅಂತ ಕೇಳಲು ಬಂದರೆ ಊಟ ಸಿಗುತ್ತದೆ.

ವಲಿಯಪರಂಬ ಅಂದರೆ ಉದ್ದಕ್ಕೆ ಮಲಗಿದ ಮರಳಿನ ಪಟ್ಟಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಕವ್ವಾಯಿ ಹಿನ್ನೀರು. ಸೇತುವೆ ದಾಟಿ ಒಳಗೆ ಹೋದರೆ ತೆಂಗಿನ ನೆರಳಿನಲ್ಲಿ ಒಂದೇ ರಸ್ತೆ. ಏರಿಲ್ಲ, ಇಳಿವಿಲ್ಲ, ವಾಹನ ಕಡಿಮೆ. ಮಕ್ಕಳು, ವಯಸ್ಸಾದವರು, ವರ್ಷಗಟ್ಟಲೆ ಸೈಕಲ್ ಮುಟ್ಟದವರು, ಎಲ್ಲರಿಗೂ ಇದೇ ದಾರಿ. ಉತ್ತರದಿಂದ ದಕ್ಷಿಣಕ್ಕೆ ತುಳಿಯಿರಿ. ಮಧ್ಯಾಹ್ನದ ಕಡಲ ಗಾಳಿ ವಾಯವ್ಯದ ಕಡೆಯಿಂದ ಬೀಸುವಾಗ ಬೆನ್ನಿಗೆ ಸ್ವಲ್ಪ ಸಹಾಯ ಸಿಗುತ್ತದೆ.

ಇಲ್ಲಿ ತಿನ್ನಬೇಕಾದದ್ದು ಕಲ್ಲುಮ್ಮಕಾಯಿ, ಅಂದರೆ ನಮ್ಮ ಪಚ್ಚಿಲೆ. ಪಡನ್ನದ ಸುತ್ತ ಹಿನ್ನೀರಿನಲ್ಲಿ ಇದನ್ನು ಬೆಳೆಸುತ್ತಾರೆ. ನವೆಂಬರ್, ಡಿಸೆಂಬರ್ ಹೊತ್ತಿಗೆ ಮರಿಗಳನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಹಗ್ಗಕ್ಕೆ ಕಟ್ಟಿ, ಬಿದಿರಿನ ಚಪ್ಪರದಿಂದ ನೀರಿಗೆ ಇಳಿಬಿಡುತ್ತಾರೆ. ಬಟ್ಟೆ ಕೊಳೆತು ಹೋಗುವ ಹೊತ್ತಿಗೆ ಮರಿಗಳು ಹಗ್ಗಕ್ಕೆ ಕಚ್ಚಿಕೊಂಡಿರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಕೊಯ್ಲು. ಮಳೆ ಬಿದ್ದು ಹಿನ್ನೀರಿನ ಉಪ್ಪು ಇಳಿದರೆ ಬೆಳೆ ಸಾಯುತ್ತದೆ, ಆದ್ದರಿಂದ ಅದರೊಳಗೆ ತೆಗೆಯಲೇಬೇಕು. ಈ ಕೆಲಸದಲ್ಲಿ ಹೆಂಗಸರ ಸಂಘಗಳು ಜಾಸ್ತಿ.

ಪಚ್ಚಿಲೆಯಿಂದ ಅರಿಕಡುಕ್ಕ ಮಾಡುವ ಕ್ರಮ ನೋಡಿ. ಚಿಪ್ಪು ಬಾಯಿ ಬಿಡಿಸಿ, ಒಳಗೆ ಅಕ್ಕಿ, ತೆಂಗಿನಕಾಯಿ, ಸಣ್ಣ ನೀರುಳ್ಳಿ ಅರೆದ ಹಿಟ್ಟು ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ. ಆಮೇಲೆ ಚಿಪ್ಪು ತೆಗೆದು, ಮೆಣಸಿನ ಮಸಾಲೆ ಹಚ್ಚಿ ಎಣ್ಣೆಯಲ್ಲಿ ಕರಿಯುತ್ತಾರೆ. ಹೊರಗೆ ಖಾರ, ಒಳಗೆ ಮೆತ್ತಗಿನ ಅಕ್ಕಿ, ನಡುವೆ ಕಡಲ ರುಚಿ. ಚಾ ಅಂಗಡಿಗಳ ಗಾಜಿನ ಪೆಟ್ಟಿಗೆಯಲ್ಲೂ ಸಿಗುತ್ತದೆ. ಆದರೆ ಬಿಸಿಯಾಗಿ ಸಿಗುವ ಹೊತ್ತು ಸಂಜೆ ನಾಲ್ಕರ ಮೇಲೆ. ಬೆಳಗ್ಗಿನದು ಮಧ್ಯಾಹ್ನ ಕೊಟ್ಟರೆ ರಬ್ಬರು. ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಅನ್ನ, ಮೀನು ಸಾರು, ಕರಿದ ಮೀನು. ಹಿನ್ನೀರಿನ ಕರಿಮೀನು ಸಿಕ್ಕಿದರೆ ಬೆಲೆ ಮೊದಲೇ ಕೇಳಿ ಹಾಕಿಸಿಕೊಳ್ಳಿ.

ಈ ದಾರಿಗೆ ಚಡಾವಿನ ಪ್ರಶ್ನೆಯೇ ಇಲ್ಲ. ಎಷ್ಟು ತಿಂದರೂ ಹತ್ತು ನಿಮಿಷ ಬಿಟ್ಟು ಹೊರಡಬಹುದು. ಹಾಗಾದರೆ ನನ್ನ ಓಟು ಇದಕ್ಕೆ ಯಾಕಿಲ್ಲ? ಸೈಕಲ್ ಸವಾರಿಯಾಗಿ ಇದು ಬೇಗ ಮುಗಿದು ಹೋಗುತ್ತದೆ. ಒಂದು ತೆಂಗಿನ ತೋಟ, ಇನ್ನೊಂದು ತೆಂಗಿನ ತೋಟ. ಹಸಿವೆ ಹುಟ್ಟಿಸುವಷ್ಟು ಶ್ರಮ ಇಲ್ಲ. ಓಣಂ ಹೊತ್ತಿಗೆ ಬಂದರೆ ಮಾತ್ರ ಒಂದು ವಿಶೇಷ ಇದೆ. ಇಡಯಿಲೆಕ್ಕಾಡ್ ನಾಗಬನದ ಮಂಗಗಳಿಗೆ ಊರಿನವರು ಎಲೆ ಹಾಕಿ ಓಣಂ ಊಟ ಬಡಿಸುತ್ತಾರೆ. ನಿಮ್ಮ ಸೈಕಲ್ ಬ್ಯಾಗಿನಲ್ಲಿ ಬಾಳೆಹಣ್ಣು ಇದ್ದರೆ ಆ ದಿನ ಅಲ್ಲಿ ಹುಷಾರು.

ನಾಲ್ಕನೆಯದು: ಕಾಞಂಗಾಡ್‌ನಿಂದ ರಾಣಿಪುರಂ

ಇದು ಕಾಲಿನ ದಾರಿ. ಕಾಞಂಗಾಡ್‌ನಿಂದ ಸುಮಾರು 48 ಕಿಲೋಮೀಟರ್, ಮುಟ್ಟುವ ಎತ್ತರ 750 ಮೀಟರ್. ರಾಜಪುರಂ ತನಕ ಏರಿಳಿತ. ಪನತ್ತಡಿ ದಾಟಿ ರಾಣಿಪುರಂ ಕಡೆ ತಿರುಗಿದ ಮೇಲೆ ಬರೀ ಏರು. ಹಿಂದೆ ಮಾಡತ್ತುಮಲ ಅನ್ನುತ್ತಿದ್ದ ಜಾಗ ಇದು. 1970ರಲ್ಲಿ ಕೋಟ್ಟಯಂ ಧರ್ಮಪ್ರಾಂತ್ಯದ ಕೈಗೆ ಬಂದ ಮೇಲೆ ರಾಣಿಪುರಂ ಆಯಿತು. ರಾಜಪುರಂಗೆ 1943ರಲ್ಲಿ ದಕ್ಷಿಣದಿಂದ ಕ್ನಾನಾಯ ಕ್ರೈಸ್ತರು ವಲಸೆ ಬಂದರು. ಅವರ ಜೊತೆ ಅವರ ಅಡುಗೆಯೂ ಬಂತು.

ಹಾಗಾಗಿ ಈ ದಾರಿಯ ಪ್ಲೇಟಿನಲ್ಲಿ ಬೇಯಿಸಿದ ಮರಗೆಣಸು, ಕುಡಂಪುಳಿ ಹಾಕಿದ ಕೆಂಪು ಮೀನು ಸಾರು, ಗಾಂಧಾರಿ ಮೆಣಸಿನ ಚಟ್ನಿ. ಬೀಫ್, ಹಂದಿ ತಿನ್ನುವವರಿಗೆ ತೆಂಗಿನ ಚೂರು ಹಾಕಿ ಹುರಿದದ್ದು ಸಿಗುತ್ತದೆ. ಗಟ್ಟಿ ಊಟ. ಏರುವ ಮೊದಲು ತಿಂದರೆ ಅರ್ಧ ದಾರಿಯಲ್ಲಿ ಸೈಕಲ್ ಮರಕ್ಕೆ ಒರಗಿಸಿ ಕೂರಬೇಕಾಗುತ್ತದೆ. ಹತ್ತುವಾಗ ಬಾಳೆಹಣ್ಣು, ಕಟ್ಟನ್ ಚಾಯ, ಬೆಲ್ಲ ಇಷ್ಟೇ ಸಾಕು. ಗಟ್ಟಿಯಾದದ್ದು ಮೇಲೆ ಮುಟ್ಟಿದ ಮೇಲೆ, ಇಲ್ಲವೇ ಇಳಿದು ಬರುವಾಗ. ರಾತ್ರಿ ಅಲ್ಲೇ ಉಳಿದು ಬೆಳಗ್ಗೆ ಹುಲ್ಲುಗಾವಲಿಗೆ ನಡೆದು ಹೋಗಿ, ಆಮೇಲೆ ಇಳಿದರೆ ರಾಜಪುರಂ ಹೊತ್ತಿಗೆ ಸರಿಯಾದ ಹಸಿವು. ಊಟದ ಮೇಲೂ ದಾರಿ ಹೆಚ್ಚಾಗಿ ಇಳಿಜಾರೇ.

ಮಳೆಗಾಲದಲ್ಲಿ ಜಿಗಣೆ, ಪಾಚಿ ಎರಡೂ ಇವೆ. ಇಳಿಯುವ ಮೊದಲು ಬ್ರೇಕ್ ಪ್ಯಾಡ್ ನೋಡಿಕೊಳ್ಳಿ. ಒಳ್ಳೆಯ ಗೇರ್ ಇಲ್ಲದೆ ಈ ದಾರಿಗೆ ಬರಬೇಡಿ. ಹತ್ತಲಾಗದವರು ಪಾಣತ್ತೂರು ಕಡೆಯ ಬಸ್ಸು ಸಿಗುತ್ತದೆ ಅಂತ ಸಮಾಧಾನ ಪಡಬಹುದು. ಸೈಕಲ್ ಹಾಕಲು ಕಂಡಕ್ಟರ್ ಒಪ್ಪಬೇಕು, ಅಷ್ಟೆ.

ಕುಡಿಯುವುದು ಏನು, ಯಾವಾಗ

ಬೊಂಡ, ಅಂದರೆ ಎಳನೀರು, ಎಲ್ಲ ಕಡೆ ಸಿಗುತ್ತದೆ, ಅದರ ಬಗ್ಗೆ ಬರೆಯಬೇಕಿಲ್ಲ. ಸೈಕಲ್ ತುಳಿಯುವವರಿಗೆ ನನ್ನ ಮೆಚ್ಚು ಗಂಜಿ ತೆಳಿ. ಕುಚ್ಚಲಕ್ಕಿ ಬೇಯಿಸಿದ ತಿಳಿಗೆ ಉಪ್ಪು ಹಾಕಿ ಒಂದು ಲೋಟ. ಪ್ಯಾಕೆಟಿನ ಪುಡಿ ಕಲಸಿ ಕುಡಿಯುವವರು ಒಮ್ಮೆ ಇದನ್ನು ಕುಡಿದು ನೋಡಬೇಕು. ಎರಡನೇ ದಾರಿಯ ಮನೆಗಳಲ್ಲಿ ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ಏಪ್ರಿಲ್, ಮೇಯಲ್ಲಿ ಪುನರ್ಪುಳಿ ಹಣ್ಣಿನ ಶರಬತ್ತು ಹೊಸತಾಗಿ ಸಿಗುತ್ತದೆ. ಉಳಿದ ತಿಂಗಳಲ್ಲಿ ಒಣಗಿಸಿದ ಸಿಪ್ಪೆಯದ್ದು.

ಕಾಸರಗೋಡು ಪೇಟೆಯ ಹತ್ತಿರ ಕೂಡ್ಲಿನಲ್ಲಿ ಸಿಪಿಸಿಆರ್‌ಐ ಇದೆ. 1916ರಲ್ಲಿ ಮದ್ರಾಸ್ ಸರಕಾರ ತೆಂಗಿನ ಸಂಶೋಧನೆಗೆ ಅಂತ ಶುರು ಮಾಡಿದ ಕೇಂದ್ರ. ತೆಂಗಿನ ಹೊಂಬಾಳೆಯ ರಸವನ್ನು ಹುಳಿಯಾಗದಂತೆ ಇಳಿಸುವ ಉಪಾಯ ಕಂಡುಹಿಡಿದವರು ಇವರೇ. ಹಳೆ ಕ್ರಮದಲ್ಲಿ ಮಡಕೆಗೆ ಸುಣ್ಣ ಬಳಿಯುತ್ತಿದ್ದರು. ಇವರದ್ದು ಮಂಜುಗಡ್ಡೆ ತುಂಬಿದ ಸಣ್ಣ ಪೆಟ್ಟಿಗೆ. ಹಾಗೆ ಇಳಿಸಿದ್ದಕ್ಕೆ ಕಲ್ಪರಸ ಅಂತ ಹೆಸರು. ಸಿಹಿ, ತಂಪು, ನಶೆ ಇಲ್ಲ. ಎಲ್ಲಾದರೂ ಕಂಡರೆ ಬಿಡಬೇಡಿ.

ಇನ್ನು ಕಳ್ಳು. ಕೇರಳದಲ್ಲಿ ಲೈಸೆನ್ಸ್ ಇರುವ ಕಳ್ಳಿನ ಗಡಂಗುಗಳಿವೆ. ಬೆಳಗ್ಗೆ ಇಳಿಸಿದ್ದು ಸಿಹಿ, ಸಂಜೆಗೆ ಅದೇ ಹುಳಿಯಾಗಿ ತಲೆಗೆ ಹತ್ತುತ್ತದೆ. ಅಲ್ಲಿನ ಮೀನು, ಏಡಿ, ಮರಗೆಣಸು ಖಾರವಾಗಿ ಇರುವುದು ಇನ್ನೊಂದು ಲೋಟ ಹೇಳಲಿ ಅಂತಲೇ. ನನ್ನ ಅಭಿಪ್ರಾಯ ಕೇಳಿದರೆ ಕಳ್ಳು ಸವಾರಿ ಮುಗಿದ ಮೇಲಿನ ಸಂಗತಿ. ರೂಮಿಗೆ ನಡೆದು ಹೋಗುವಷ್ಟು ಹತ್ತಿರ ಇದ್ದರೆ ಮಾತ್ರ. ಮೂರನೇ ದಾರಿಯ ಸಮತಟ್ಟು ರಸ್ತೆ ಕೂಡ ನಾಲ್ಕು ಲೋಟದ ಮೇಲೆ ಸಮತಟ್ಟಾಗಿ ಇರುವುದಿಲ್ಲ, ಪಕ್ಕದಲ್ಲೇ ಹಿನ್ನೀರು ಬೇರೆ. ಕರ್ನಾಟಕದಿಂದ ಬಾಟಲಿ ತಂದು ಗಡಿ ದಾಟಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಕೇರಳದಲ್ಲಿ ಅದು ಅಪರಾಧ. ಸೈಕಲ್ ಬ್ಯಾಗು ಅಂತ ಚೆಕ್‌ಪೋಸ್ಟಿನವರು ಬಿಡುವುದಿಲ್ಲ.

ಯಾವ ತಿಂಗಳು, ಯಾವ ದಿನ

ನವೆಂಬರಿನಿಂದ ಫೆಬ್ರವರಿ ಸವಾರಿಗೆ ಒಳ್ಳೆಯದು. ಊಟಕ್ಕೆ ಒಳ್ಳೆಯ ತಿಂಗಳು ಬೇರೆ. ಹಲಸು, ಮಾವು, ಪುನರ್ಪುಳಿ, ಪಚ್ಚಿಲೆ ಎಲ್ಲ ಏಪ್ರಿಲ್, ಮೇಯಲ್ಲೇ. ಆಗ ಸೆಕೆ ಕೊಲ್ಲುತ್ತದೆ. ನಡುವಿನ ದಾರಿ ಬೇಕಾದರೆ ಫೆಬ್ರವರಿ ಕೊನೆ, ಮಾರ್ಚ್ ಮೊದಲು. ಗುಜ್ಜೆ ಇರುತ್ತದೆ, ಮಾವಿನ ಮಿಡಿ ಇರುತ್ತದೆ, ಬೆಳಗ್ಗೆ ಇನ್ನೂ ಸ್ವಲ್ಪ ತಂಪು. ಏಪ್ರಿಲ್‌ನಲ್ಲಿ ಬರುವುದೇ ಆದರೆ ಆರು ಗಂಟೆಗೆ ಹೊರಟು ಹತ್ತಕ್ಕೆ ಸೈಕಲ್ ನಿಲ್ಲಿಸಿ. ಮೀನಿಗಾಗಿ ಬರುವವರು ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಇರುತ್ತದೆ ಅನ್ನುವುದು ನೆನಪಿಡಿ. ನಾಡದೋಣಿಯ ಮೀನು ಬರುತ್ತದೆ, ಆದರೆ ಸಿಕ್ಕಿದ್ದೇ ಸಿಕ್ಕಿದ್ದು, ಬೆಲೆಯೂ ಏರಿರುತ್ತದೆ.

ಕರೆಯ ಬದಿಯ ಸಣ್ಣ ಹೋಟೆಲುಗಳಲ್ಲಿ ಕೆಲವು ಶುಕ್ರವಾರ ಜುಮಾ ಹೊತ್ತಿಗೆ ಮುಚ್ಚಿರುತ್ತವೆ. ರಂಜಾನ್ ತಿಂಗಳಲ್ಲಿ ಹಗಲು ಮುಚ್ಚಿ ಸಂಜೆ ತೆರೆಯುವವರು ಹೆಚ್ಚು. ಆ ತಿಂಗಳಲ್ಲಿ ಒಂದನೇ ದಾರಿಯನ್ನು ಸಂಜೆಗೆ ಇಟ್ಟುಕೊಂಡರೆ ನಿಮಗೆ ಸುಗ್ಗಿ. ಉನ್ನಕ್ಕಾಯಿ, ಕಾಯಿಪೋಳ, ಕಲ್ತಪ್ಪ ಎಲ್ಲ ಒಂದೇ ಸಾಲಿನಲ್ಲಿ ಸಿಗುವುದು ಆಗಲೇ.

ಕೊನೆಗೆ ಹರತಾಳ. ಹಿಂದಿನ ರಾತ್ರಿ ಸುದ್ದಿ ನೋಡಿಯೇ ಮಲಗಿ. ಹರತಾಳದ ದಿನ ಬಸ್ಸಿಲ್ಲ, ಲಾರಿಯಿಲ್ಲ, ಕಾಸರಗೋಡಿನ ರಸ್ತೆ ಸೈಕಲಿನವರದ್ದೇ. ಆದರೆ ಒಂದು ಚಾ ಅಂಗಡಿಯೂ ತೆರೆದಿರುವುದಿಲ್ಲ. ಆ ದಿನ ಮನೆಯೂಟ ಹೇಳಿಟ್ಟ ಎರಡನೇ ದಾರಿ ಮಾತ್ರ ನಡೆಯುತ್ತದೆ. ಬೇರೆ ಮೂರರಲ್ಲಿ ಯಾವುದಕ್ಕೆ ಹೋಗುವುದಾದರೂ ಅವಲಕ್ಕಿ, ಬೆಲ್ಲ, ನಾಲ್ಕು ನೇಂದ್ರ ಬಾಳೆಹಣ್ಣು ಕಟ್ಟಿಕೊಂಡು ಹೊರಡಿ.